ಎಡಕ್ಕೆ ಕಡಲು: ಉಡುಪಿಯಿಂದ ಮುರುಡೇಶ್ವರಕ್ಕೆ ಒಂದು ದಿನದ ಕಾರು ಪ್ರಯಾಣ

ಕರಾವಳಿ ನೋಡಲು ಒಂದೇ ದಿನ ಇಟ್ಟುಕೊಂಡು ಬರುವವರ ಪಟ್ಟಿ ಓದಿದರೇ ಸುಸ್ತಾಗುತ್ತದೆ: ಕಾಪು, ಮಲ್ಪೆ, ಕೊಲ್ಲೂರು, ಮುರುಡೇಶ್ವರ, ಗೋಕರ್ಣ, ಸಾಧ್ಯವಾದರೆ ಜೋಗವೂ! ಹಾಗೆ ಹೊರಟವರು ಹೆಚ್ಚಾಗಿ ನೋಡುವುದು ಪಾರ್ಕಿಂಗ್ ಜಾಗಗಳನ್ನು. ಮೊದಲ ಸಲ ಹೊರಡುವವರಿಗೆ ನಾನು ಹೇಳುವುದು ಒಂದೇ ದಾರಿ. ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಉಡುಪಿಯಿಂದ ಮುರುಡೇಶ್ವರ, ಅಲ್ಲಿಂದ ವಾಪಸು. ಹೋಗಿಬರಲು ಸುಮಾರು 200 ಕಿ.ಮೀ. ಊಟ-ತಿಂಡಿ ಬಿಟ್ಟರೆ ಇಳಿದು ನೋಡುವ ಜಾಗ ಮೂರೇ.

ಹಂತ 1: ದಿನ ಆರಿಸಿ

ನವೆಂಬರ್‌ನಿಂದ ಫೆಬ್ರವರಿವರೆಗೆ ಒಳ್ಳೆಯದು. ಆಮೇಲೆ ಸೆಕೆ ಜೀವ ಹಿಂಡುತ್ತದೆ. ಮಳೆಗಾಲದ ಕಡಲನ್ನು ಕಾರಿನೊಳಗೆ ಕೂತು ನೋಡಬಹುದೇ ಹೊರತು ಮಕ್ಕಳನ್ನು ಕರೆದುಕೊಂಡು ದಡಕ್ಕಿಳಿಯುವಂತಿಲ್ಲ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆಗೂ ನಿಷೇಧವಿರುವುದರಿಂದ ತಾಜಾ ಮೀನಿನ ಆಸೆಯನ್ನೂ ಸ್ವಲ್ಪ ಹಿಡಿತದಲ್ಲಿಡಬೇಕು. ಶನಿವಾರ, ಭಾನುವಾರ ಬಿಟ್ಟು ರಜೆ ಹಾಕಲು ಸಾಧ್ಯವಾದರೆ ಹಾಕಿಬಿಡಿ. ಘಟ್ಟದ ಮೇಲಿನವರು ಹಿಂದಿನ ದಿನವೇ ಉಡುಪಿಗೆ ಬಂದು ಮಲಗಿ. ರಾತ್ರಿಯಿಡೀ ಓಡಿಸಿ ಬಂದು ಬೆಳಿಗ್ಗೆ ಮತ್ತೆ ಸ್ಟೇರಿಂಗ್ ಹಿಡಿಯುವ ಸಾಹಸ ಬೇಡ.

ಹಂತ 2: ಯಾರು ಎಲ್ಲಿ ಕೂರಬೇಕು

ಇದನ್ನು ಯಾರೂ ಯೋಚಿಸುವುದಿಲ್ಲ, ಜಗಳ ಶುರುವಾಗುವುದೇ ಇಲ್ಲಿಂದ. ಬೆಳಿಗ್ಗೆ ಉತ್ತರಕ್ಕೆ ಹೋಗುವಾಗ ಕಡಲು ಎಡಕ್ಕೆ, ಬಿಸಿಲು ಬಲಕ್ಕೆ. ಸಂಜೆ ದಕ್ಷಿಣಕ್ಕೆ ಮರಳುವಾಗ ಕಡಲೂ ಬಲಕ್ಕೆ, ಬಿಸಿಲೂ ಬಲಕ್ಕೆ. ಅಂದರೆ ಎರಡು ಹೊತ್ತೂ ಬಿಸಿಲು ಬೀಳುವುದು ಚಾಲಕರ ಬದಿಗೇ. ಅಜ್ಜಿಗೂ ಸಣ್ಣ ಮಗುವಿಗೂ ಎಡಗಡೆ ಕಿಟಕಿ ಕೊಡಿ. ಓಡಿಸುವವರಿಗೆ ತಂಪು ಕನ್ನಡಕವಿರಲಿ.

ಮಕ್ಕಳಿಗೆ ಮೊದಲೇ ಹೇಳಿಬಿಡಬೇಕಾದ ಇನ್ನೊಂದು ಮಾತಿದೆ: ಈ ಹೆದ್ದಾರಿಯ ಉದ್ದಕ್ಕೂ ಕಡಲು ಕಾಣುವುದಿಲ್ಲ. ಬಹುಪಾಲು ದಾರಿಯಲ್ಲಿ ಕಾಣುವುದು ತೆಂಗಿನ ತೋಟ, ಅಂಗಡಿ ಸಾಲು ಮತ್ತು ಹೊಳೆಗಳು. ಆದರೆ ಆ ಹೊಳೆಗಳೇನು ಕಡಿಮೆಯಲ್ಲ. ಕಲ್ಯಾಣಪುರದಲ್ಲಿ ಸ್ವರ್ಣಾ, ಮಾಬುಕಳದಲ್ಲಿ ಸೀತಾ. ಸೇತುವೆ ಬಂದಾಗ ವೇಗ ತಗ್ಗಿಸಿದರೆ ತೆಂಗು ತುಂಬಿದ ಕುದ್ರುಗಳು, ಅಂದರೆ ಹೊಳೆಯ ನಡುವಿನ ದ್ವೀಪಗಳು, ಕಾಣುತ್ತವೆ. ನಿಲ್ಲಿಸುವುದು ಮಾತ್ರ ಬೇಡ.

ಹಂತ 3: ಹಿಂದಿನ ರಾತ್ರಿಯ ತಯಾರಿ

ಸಾಸ್ತಾನ ಮತ್ತು ಶಿರೂರಿನಲ್ಲಿ ಟೋಲ್ ಇದೆ, ಫಾಸ್ಟ್ಯಾಗ್‌ನಲ್ಲಿ ದುಡ್ಡಿರಲಿ. ಒಬ್ಬೊಬ್ಬರಿಗೂ ಒಂದು ಜೊತೆ ಹೆಚ್ಚಿನ ಬಟ್ಟೆ, ಟವೆಲ್, ಒದ್ದೆ ಬಟ್ಟೆಗೆ ಪ್ಲಾಸ್ಟಿಕ್ ಚೀಲ, ಐದು ಲೀಟರ್ ಕ್ಯಾನಿನಲ್ಲಿ ಕಾಲು ತೊಳೆಯಲು ನೀರು. ಈ ಕೊನೆಯದನ್ನು ಮರೆತರೆ ಮರಳು ನಿಮ್ಮ ಜೊತೆಗೇ ಮನೆಗೆ ಬರುತ್ತದೆ.

ಹಂತ 4: ಆರೂವರೆಗೆ ಹೊರಡಿ

ತಿಂಡಿ ಕುಂದಾಪುರದಲ್ಲಿ. ಬನ್ಸ್ ಬಿಸಿಯಿದ್ದರೆ ಬೇರೇನೂ ಕೇಳಬೇಡಿ. ಎಂಟರ ಹೊತ್ತಿಗೆ ಮರವಂತೆ. ಇಲ್ಲಿ ರಸ್ತೆಯ ಎಡಕ್ಕೆ ಅರಬ್ಬಿ ಸಮುದ್ರ, ಬಲಕ್ಕೆ ಸೌಪರ್ಣಿಕಾ. ಹೊಳೆ ಕಡಲಿನ ಇಷ್ಟು ಹತ್ತಿರ ಬಂದೂ ಇಲ್ಲಿ ಅದನ್ನು ಸೇರುವುದಿಲ್ಲ. ತಿರುಗಿ ದಕ್ಷಿಣಕ್ಕೆ ಹರಿದು ಗಂಗೊಳ್ಳಿಯಲ್ಲಿ ಸೇರುತ್ತದೆ. ಬೆಳಿಗ್ಗೆ ಬಿಸಿಲು ಹೊಳೆಯ ಕಡೆಯಿಂದ ಬಂದು ತೆರೆಗಳ ಮೇಲೆ ಬೀಳುತ್ತದೆ. ಆಕಾಶ ತಿಳಿಯಾಗಿದ್ದರೆ ಪೂರ್ವದಲ್ಲಿ ಕೊಡಚಾದ್ರಿಯ ಸಾಲೂ ಕಾಣುತ್ತದೆ. ಹದಿನೈದು ನಿಮಿಷ ಸಾಕು, ಸಂಜೆ ಮತ್ತೆ ಬರುವುದಿದೆ. ದಡಕ್ಕೆ ಹಾಕಿದ ಬಂಡೆಗಳನ್ನು ಹತ್ತಿ ಸೆಲ್ಫಿ ತೆಗೆಯುವವರನ್ನು ನೋಡಿ ನಿಮ್ಮ ಮಕ್ಕಳು ಕಲಿಯದಿರಲಿ. ಪಾಚಿ ಕಟ್ಟಿದ ಕಲ್ಲು ಜಾರುತ್ತದೆ.

ಹಂತ 5: ದೂರದ್ದನ್ನು ಮೊದಲು ಮುಗಿಸಿ

ಒಂಬತ್ತೂವರೆಯೊಳಗೆ ಮುರುಡೇಶ್ವರ ತಲುಪಿದರೆ 20 ಅಂತಸ್ತಿನ ರಾಜಗೋಪುರದ ಲಿಫ್ಟಿಗೆ ಸಾಲು ಉದ್ದವಾಗುವ ಮೊದಲೇ ಮೇಲೆ ಹೋಗಿಬಿಡಬಹುದು. 123 ಅಡಿಯ ಶಿವನನ್ನು ಕೆಳಗಿನಿಂದ ನೋಡುವುದಕ್ಕಿಂತ ಗೋಪುರದ ಕಿಂಡಿಯಿಂದ, ಸುತ್ತಲಿನ ನೀರಿನ ಸಮೇತ ನೋಡುವುದೇ ಚೆನ್ನ. ದೇವಸ್ಥಾನ ಮಧ್ಯಾಹ್ನ ಬಾಗಿಲು ಹಾಕುತ್ತದೆ. ದರ್ಶನ ಬೇಕಿದ್ದವರು ಅದನ್ನೇ ಮೊದಲು ಮಾಡಿ.

ಹನ್ನೆರಡಕ್ಕೆ ಹೊರಟುಬಿಡಿ. ಸುಡುವ ಮರಳಿನಲ್ಲಿ ಯಾರಿಗೂ ಸುಖವಿಲ್ಲ. ಮಾಂಸಾಹಾರಿಗಳಿಗೆ ಊಟಕ್ಕೆ ಭಟ್ಕಳ: ಅಲ್ಲಿಯ ಬಿರಿಯಾನಿಯಲ್ಲಿ ಈರುಳ್ಳಿಯದ್ದೇ ದರ್ಬಾರು. ಉಳಿದವರಿಗೆ ಮುರುಡೇಶ್ವರದಲ್ಲೇ ಸಸ್ಯಾಹಾರಿ ಹೋಟೆಲುಗಳಿವೆ. ಊಟವಾದ ಮೇಲೆ ನೆರಳಿನಲ್ಲಿ ಕಾರು ನಿಲ್ಲಿಸಿ ಚಾಲಕರು ಅರ್ಧ ಗಂಟೆ ಕಣ್ಣು ಮುಚ್ಚಲಿ. ಇದು ಸೋಮಾರಿತನವಲ್ಲ, ಯೋಜನೆಯ ಭಾಗ.

ಹಂತ 6: ಒತ್ತಿನೆಣೆ, ಸೋಮೇಶ್ವರ

ನಾಲ್ಕರ ಸುಮಾರಿಗೆ ಬೈಂದೂರಿನ ಒತ್ತಿನೆಣೆ ಗುಡ್ಡ. ಮೇಲಿನಿಂದ ಕಡಲು ಅಗಲವಾಗಿ ತೆರೆದುಕೊಳ್ಳುತ್ತದೆ, ಕೆಳಗೆ ಸೋಮೇಶ್ವರದ ದಡ. ಬೈಂದೂರಿಗೆ ಬಂದಾಗ ಮನೆಯವರಲ್ಲಿ ಒಬ್ಬರಾದರೂ "ಇಷ್ಟು ದೂರ ಬಂದಿದ್ದೇವೆ, ಕೊಲ್ಲೂರಿಗೂ ಹೋಗಿಬರೋಣ" ಅನ್ನುತ್ತಾರೆ. ಒಪ್ಪಬೇಡಿ. ಕೊಲ್ಲೂರು ಕಾಡಿನ ಕಡೆ, ಸಂಜೆಯ ಕಡಲು ಕೈತಪ್ಪುತ್ತದೆ. ತಾಯಿಯ ದರ್ಶನಕ್ಕೆ ಬೇರೆ ದಿನ ಇಟ್ಟುಕೊಳ್ಳಿ.

ಹಂತ 7: ನೀರಿಗೆ ಇಳಿಯುವ ಮೊದಲು

2024ರ ಡಿಸೆಂಬರ್‌ನಲ್ಲಿ ಮುರುಡೇಶ್ವರಕ್ಕೆ ಪ್ರವಾಸ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ಸಮುದ್ರಪಾಲಾದರು. ಅದು ಮಳೆಗಾಲವಲ್ಲ. ದಡದಲ್ಲಿ ನಿಂತು ಐದು ನಿಮಿಷ ತೆರೆಗಳನ್ನು ಗಮನಿಸಿ. ಎರಡೂ ಕಡೆ ತೆರೆ ಒಡೆಯುತ್ತಿದ್ದು ನಡುವೆ ಒಂದು ಪಟ್ಟಿ ಮಾತ್ರ ಶಾಂತವಾಗಿ, ಕದಡಿದ ಬಣ್ಣದಲ್ಲಿದ್ದರೆ ಹೊಸಬರು ಅದನ್ನೇ ಒಳ್ಳೆಯ ಜಾಗ ಅಂದುಕೊಳ್ಳುತ್ತಾರೆ. ದಡಕ್ಕೆ ಬಂದ ನೀರು ರಭಸದಿಂದ ಒಳಗೆ ವಾಪಸು ಹೋಗುವುದು ಹೆಚ್ಚಾಗಿ ಅಂಥ ಕಡೆಯೇ. ಹೊಳೆ ಕಡಲು ಸೇರುವ ಅಳಿವೆಯೂ ಬೇಡ. ಮೊಣಕಾಲಿನವರೆಗೆ ಸಾಕು, ಮಕ್ಕಳ ಕೈ ದೊಡ್ಡವರ ಕೈಯಲ್ಲಿರಲಿ. ಕಾವಲಿಗಿರುವ ಲೈಫ್‌ಗಾರ್ಡ್ ಸೀಟಿ ಊದಿದರೆ ವಾದ ಮಾಡದೆ ಮೇಲೆ ಬನ್ನಿ.

ಹಂತ 8: ಮರವಂತೆಯಲ್ಲಿ ಸಂಜೆ

ನವೆಂಬರ್-ಡಿಸೆಂಬರ್‌ನಲ್ಲಿ ಸೂರ್ಯ ಮುಳುಗುವುದು ಆರರ ಆಸುಪಾಸು, ಫೆಬ್ರವರಿಯಲ್ಲಿ ಆರೂವರೆ ದಾಟುತ್ತದೆ. ಅದಕ್ಕೆ ಮುಕ್ಕಾಲು ಗಂಟೆ ಮೊದಲೇ ತಲುಪಿ. ವಾಪಸು ಬರುವಾಗ ನೀವಿರುವುದು ಹೊಳೆಯ ಬದಿಯ ರಸ್ತೆಯಲ್ಲಿ. ಅಲ್ಲೇ ಕಾರು ನಿಲ್ಲಿಸಿ ಮಕ್ಕಳನ್ನು ಕರೆದುಕೊಂಡು ಚತುಷ್ಪಥ ದಾಟಬೇಡಿ. ಮುಂದೆ ಹೋಗಿ ಯೂ-ಟರ್ನ್ ಮಾಡಿ, ಕಡಲ ಬದಿಗೇ ಬಂದು ನಿಲ್ಲಿಸಿ. ಚಕ್ರ ಮರಳಿಗೆ ಇಳಿಯದಿರಲಿ.

ಇಲ್ಲಿಂದ ಉಡುಪಿಗೆ ಕತ್ತಲೆಯಲ್ಲಿ ಸುಮಾರು ಒಂದು ಗಂಟೆಯ ದಾರಿ. ರಸ್ತೆ ಅಗಲವಾಗಿದೆ ಎಂದು ವೇಗ ಹೆಚ್ಚಿಸಬೇಡಿ. ದನಗಳು, ಎದುರು ದಿಕ್ಕಿನಿಂದ ನುಗ್ಗುವ ಬೈಕುಗಳು ಹಠಾತ್ತನೆ ಎದುರಾಗುತ್ತವೆ. ಮರುದಿನ ಕಾರಿನ ಅಡಿಭಾಗಕ್ಕೂ ಸಿಹಿನೀರು ಹೊಡೆಸಿ ತೊಳೆಸಿ. ಉಪ್ಪುಗಾಳಿಗೆ ಕಬ್ಬಿಣ ಬೇಗ ತುಕ್ಕು ಹಿಡಿಯುತ್ತದೆ.