ಮೈದಾನದಿಂದ ಮಾಳಿಗೆಗೆ: ವಿಶ್ವಕಪ್ ಆಟ ನಮ್ಮೂರಿಗೆ ಬರುವ ದಾರಿ

ಮಕ್ಕಳೇ, 2023ರ ನವೆಂಬರ್ 12, ದೀಪಾವಳಿಯ ದಿನ. ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ವಿಶ್ವಕಪ್ ಕ್ರಿಕೆಟ್ ಪಂದ್ಯ. ಭಾರತ ಮತ್ತು ನೆದರ್ಲೆಂಡ್ಸ್ ತಂಡಗಳು ಆಡುತ್ತಿದ್ದವು. ನಮ್ಮ ರಾಜ್ಯದ ಕೆ.ಎಲ್. ರಾಹುಲ್ 64 ಎಸೆತಗಳಲ್ಲಿ 102 ರನ್ ಹೊಡೆದರು. ನವಲಗುಂದ, ಕುಂದಗೋಳದಿಂದ ಬೆಂಗಳೂರು ನೂರಾರು ಕಿ.ಮೀ. ದೂರ. ಆದರೂ ಅದೇ ಹೊತ್ತಿಗೆ ನಮ್ಮ ಹಳ್ಳಿಗಳಲ್ಲಿ ಜನ ಆ ಆಟ ನೋಡಿದರು. ಇದು ಹೇಗೆ ಸಾಧ್ಯ?

ಮೈದಾನದಲ್ಲಿ ಏನು ನಡೆಯುತ್ತದೆ?

ವಿಶ್ವಕಪ್ ಪಂದ್ಯವೊಂದಕ್ಕೆ ಮೈದಾನದ ಸುತ್ತ ಇಪ್ಪತ್ತಕ್ಕೂ ಹೆಚ್ಚು ಕ್ಯಾಮೆರಾಗಳಿರುತ್ತವೆ. ಪ್ರತಿ ಕ್ಯಾಮೆರಾದಿಂದ ಬರುವ ಚಿತ್ರ ಕ್ರೀಡಾಂಗಣದ ಹೊರಗೆ ನಿಂತ ಓಬಿ ವ್ಯಾನ್ ಎಂಬ ದೊಡ್ಡ ವಾಹನಕ್ಕೆ ತಲುಪುತ್ತದೆ. ಅಲ್ಲಿ ನಿರ್ದೇಶಕರು ಎಲ್ಲ ಚಿತ್ರಗಳನ್ನೂ ಒಟ್ಟಿಗೆ ನೋಡುತ್ತ, ಯಾವುದನ್ನು ನಮಗೆ ತೋರಿಸಬೇಕೆಂದು ಕ್ಷಣ ಕ್ಷಣಕ್ಕೂ ಆರಿಸುತ್ತಾರೆ. ಅಂದರೆ ನಾವು ನೋಡುವುದು ಇಡೀ ಮೈದಾನವನ್ನಲ್ಲ, ಆರಿಸಿದ ನೋಟವನ್ನು.

ಕ್ಯಾಮೆರಾ ಇಲ್ಲದಿದ್ದರೆ? 1983ರ ಜೂನ್ 18ರಂದು ಇಂಗ್ಲೆಂಡಿನಲ್ಲಿ ಜಿಂಬಾಬ್ವೆ ವಿರುದ್ಧ ಕಪಿಲ್ ದೇವ್ ಔಟಾಗದೆ 175 ರನ್ ಗಳಿಸಿದರು. ಒಂಬತ್ತನೆಯ ವಿಕೆಟ್ಟಿಗೆ ಅವರ ಜೊತೆ ನಿಂತವರು ನಮ್ಮ ಬೆಂಗಳೂರಿನ ಸೈಯದ್ ಕಿರ್ಮಾನಿ. ಆ ಪಂದ್ಯವನ್ನು ಯಾವ ಟಿ.ವಿ. ಕ್ಯಾಮೆರಾವೂ ಸೆರೆಹಿಡಿಯಲಿಲ್ಲ. ಇಂದು ಅದನ್ನು ಯಾರೂ ನೋಡಲಾರರು, ಓದಬಹುದು, ಅಷ್ಟೆ.

ಚಿತ್ರ ಹೇಗೆ ಚಲಿಸುತ್ತದೆ?

ನಮ್ಮ ದೇಶದ ಟಿ.ವಿ.ಯಲ್ಲಿ ಸೆಕೆಂಡಿಗೆ 25 ಚಿತ್ರಗಳು ಒಂದಾದ ಮೇಲೊಂದು ಬರುತ್ತವೆ. ಇಷ್ಟು ಬೇಗ ಬದಲಾಗುವ ಚಿತ್ರಗಳನ್ನು ನಮ್ಮ ಕಣ್ಣು ಮತ್ತು ಮಿದುಳು ಬಿಡಿಬಿಡಿಯಾಗಿ ಗುರುತಿಸಲಾರವು. ಆದ್ದರಿಂದ ಚೆಂಡು ನಿಜವಾಗಿಯೂ ಓಡಿದಂತೆ ಕಾಣುತ್ತದೆ. ಈ ಚಿತ್ರಗಳನ್ನು ಅಂಕಿಗಳಾಗಿ ಬದಲಿಸಿ, ರೇಡಿಯೋ ತರಂಗಗಳ ಮೇಲೆ ಕಳಿಸುತ್ತಾರೆ.

ಆಕಾಶದ ದಾರಿ

ಭೂಮಧ್ಯರೇಖೆಯ ಮೇಲೆ, ಸುಮಾರು 36,000 ಕಿ.ಮೀ. ಎತ್ತರದಲ್ಲಿ ಸಂಪರ್ಕ ಉಪಗ್ರಹಗಳಿವೆ. ಭೂಮಿ ತನ್ನ ಸುತ್ತ ಒಮ್ಮೆ ತಿರುಗುವಷ್ಟೇ ಸಮಯದಲ್ಲಿ ಅವು ಭೂಮಿಯನ್ನು ಒಂದು ಸುತ್ತು ಹಾಕುತ್ತವೆ. ಹೀಗಾಗಿ ನಮಗೆ ಅವು ಆಕಾಶದಲ್ಲಿ ಒಂದೇ ಕಡೆ ನಿಂತಂತೆ ತೋರುತ್ತವೆ. ಮಾಳಿಗೆಯ ಮೇಲಿನ ಡಿಶ್ಶನ್ನು ಒಮ್ಮೆ ತಿರುಗಿಸಿ ಬಿಗಿದರೆ ಸಾಕಾಗುವುದು ಇದೇ ಕಾರಣಕ್ಕೆ. ನಮ್ಮ ದೇಶದ ಇಂತಹ ಉಪಗ್ರಹಗಳನ್ನು ನೋಡಿಕೊಳ್ಳುವ ಇಸ್ರೋದ ಮುಖ್ಯ ನಿಯಂತ್ರಣ ಕೇಂದ್ರ 1982ರಿಂದ ನಮ್ಮ ಹಾಸನದಲ್ಲಿದೆ.

ಲೆಕ್ಕ ಹಾಕೋಣ. ಸಂಕೇತ ಮೇಲೆ ಹೋಗಲು 36,000 ಕಿ.ಮೀ., ಕೆಳಗೆ ಬರಲು 36,000 ಕಿ.ಮೀ. ಒಟ್ಟು 72,000 ಕಿ.ಮೀ. ರೇಡಿಯೋ ತರಂಗದ ವೇಗ ಸೆಕೆಂಡಿಗೆ 3,00,000 ಕಿ.ಮೀ.

72,000 ÷ 3,00,000 = 0.24 ಸೆಕೆಂಡ್

ಅಂದರೆ ಕಾಲು ಸೆಕೆಂಡಿಗೂ ಕಡಿಮೆ! ಆದರೆ ಸಂಕೇತವನ್ನು ಕುಗ್ಗಿಸಿ ಕಳಿಸಲು, ಮತ್ತೆ ಬಿಡಿಸಲು ಇನ್ನೂ ಸಮಯ ಹಿಡಿಯುತ್ತದೆ. ಮೊಬೈಲಿನಲ್ಲಿ ಇಂಟರ್ನೆಟ್ ಮೂಲಕ ನೋಡುವಾಗ ಕೆಲವು ಸೆಕೆಂಡುಗಳಷ್ಟು ಚಿತ್ರವನ್ನು ಮೊದಲೇ ಕೂಡಿಟ್ಟುಕೊಂಡು ನಂತರ ತೋರಿಸುತ್ತಾರೆ. ಆದ್ದರಿಂದಲೇ ನಿಮ್ಮ ಮೊಬೈಲಿನಲ್ಲಿ ಬೌಲರ್ ಇನ್ನೂ ಓಡುತ್ತಿರುವಾಗ, ಪಕ್ಕದ ಮನೆಯ ಟಿ.ವಿ. ಮುಂದೆ "ಸಿಕ್ಸರ್!" ಎಂಬ ಕೂಗು ಕೇಳಬಹುದು.

ಜೋರು ಮಳೆ ಬಂದಾಗ ಚಿತ್ರ ಒಡೆಯುವುದೇಕೆ? ಮಳೆಹನಿಗಳು ಈ ತರಂಗಗಳನ್ನು ಹೀರಿ, ಚದುರಿಸಿ ದುರ್ಬಲಗೊಳಿಸುತ್ತವೆ.

ಆಕಾಶ ಯಾರದು?

ಆಟ ತೋರಿಸುವ ಹಕ್ಕನ್ನು ಟಿ.ವಿ. ಸಂಸ್ಥೆಗಳು ತುಂಬ ಹಣ ಕೊಟ್ಟು ಕೊಳ್ಳುತ್ತವೆ. ಹಾಗಾದರೆ ತಿಂಗಳ ಶುಲ್ಕ ಕಟ್ಟಲಾಗದ ಮನೆಯವರು ಭಾರತದ ಆಟ ನೋಡಬಾರದೇ? 1993ರ ಹೀರೋ ಕಪ್ ಪಂದ್ಯಗಳ ಪ್ರಸಾರದ ಬಗ್ಗೆ ಎದ್ದ ವಿವಾದ ಸುಪ್ರೀಂ ಕೋರ್ಟಿಗೆ ಹೋಯಿತು. ಪ್ರಸಾರಕ್ಕೆ ಬಳಸುವ ತರಂಗಗಳು ಸಾರ್ವಜನಿಕ ಆಸ್ತಿ ಎಂದು ನ್ಯಾಯಾಲಯ 1995ರಲ್ಲಿ ಹೇಳಿತು. 2007ರಲ್ಲಿ ಸಂಸತ್ತು ಒಂದು ಕಾನೂನು ಮಾಡಿತು. ಅದರಂತೆ, ರಾಷ್ಟ್ರೀಯ ಮಹತ್ವದ್ದೆಂದು ಸರ್ಕಾರ ಗುರುತಿಸಿದ ಕ್ರೀಡೆಯ ನೇರ ಸಂಕೇತವನ್ನು ಹಕ್ಕು ಪಡೆದ ಸಂಸ್ಥೆ ಪ್ರಸಾರ ಭಾರತಿಯೊಂದಿಗೆ ಹಂಚಿಕೊಳ್ಳಲೇಬೇಕು. 2004ರಲ್ಲಿ ಆರಂಭವಾದ ದೂರದರ್ಶನದ ಉಚಿತ ಡಿಶ್ ಸೇವೆಗೆ ತಿಂಗಳ ಶುಲ್ಕವಿಲ್ಲ. ಹೀಗೆ ಕಲಘಟಗಿಯ ಕೂಲಿಕಾರರ ಮನೆಗೂ ಭಾರತದ ವಿಶ್ವಕಪ್ ಪಂದ್ಯ ತಲುಪಲು ದಾರಿಯಾಯಿತು. ವಿಜ್ಞಾನ ದಾರಿ ಮಾಡಿತು, ಕಾನೂನು ಬಾಗಿಲು ತೆರೆಯಿತು. ಎರಡೂ ಬೇಕು.

ಮಾಡಿ ನೋಡಿ

ಬೆಳಿಗ್ಗೆ ಸೂರ್ಯನ ಕಡೆ ಮುಖ ಮಾಡಿ ನಿಲ್ಲಿ. ನಿಮ್ಮ ಬಲಗೈ ದಕ್ಷಿಣ ದಿಕ್ಕು ತೋರಿಸುತ್ತದೆ. ಈಗ ಓಣಿಯ ಮನೆಗಳ ಮೇಲಿರುವ ಚಿಕ್ಕ ಡಿಶ್‌ಗಳನ್ನು ಕೆಳಗಿನಿಂದಲೇ ನೋಡಿ. ಅವು ಯಾವ ದಿಕ್ಕಿಗೆ ಮುಖ ಮಾಡಿವೆ? ಪಟ್ಟಿ ಮಾಡಿ. ಬಹುತೇಕ ಎಲ್ಲವೂ ಪೂರ್ವ ಮತ್ತು ದಕ್ಷಿಣದ ನಡುವೆಯೇ ಇರುವುದೇಕೆಂದು ಚರ್ಚಿಸಿ.

ಯೋಚಿಸಿ ಉತ್ತರಿಸಿ

1. ಸಂಕೇತ ಉಪಗ್ರಹಕ್ಕೆ ಎರಡು ಸಲ ಹೋಗಿ ಬಂದರೆ ಎಷ್ಟು ಸಮಯ ಬೇಕು?
2. ಶಬ್ದದ ವೇಗ ಸೆಕೆಂಡಿಗೆ ಸುಮಾರು 340 ಮೀಟರ್. ಮೈದಾನದಲ್ಲಿ 100 ಮೀಟರ್ ದೂರ ಕುಳಿತವರಿಗೆ ಬ್ಯಾಟಿನ ಸದ್ದು ಎಷ್ಟು ಹೊತ್ತಿಗೆ ಕೇಳುತ್ತದೆ? ಅದನ್ನು 0.24 ಸೆಕೆಂಡಿನೊಂದಿಗೆ ಹೋಲಿಸಿ.
3. ನಿಮ್ಮ ಶಾಲೆಯ ಕಬಡ್ಡಿ ಪಂದ್ಯ ತೋರಿಸಲು ನಿಮಗೆ ಮೂರೇ ಕ್ಯಾಮೆರಾ ಕೊಟ್ಟರೆ ಎಲ್ಲೆಲ್ಲಿ ಇಡುವಿರಿ? ಚಿತ್ರ ಬರೆದು ನಿಮ್ಮ ಶಿಕ್ಷಕರಿಗೆ ತೋರಿಸಿ.