ಓಟದ ದಿನಕ್ಕಿಂತ ಮೊದಲು ನೋಡಬೇಕಾದದ್ದು

ಪ್ರಶ್ನೆ: ನಾವು ಮೂಡಿಗೆರೆ ಕಡೆಯವರು. ಸಣ್ಣ ಕಾಫಿ ತೋಟವಿದೆ. 26 ವರ್ಷದ ಮಗಳು ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾಳೆ. ಅವಳಿಗೆ ಕಾಡು, ಗುಡ್ಡಗಳಲ್ಲಿ ಓಡುವ ಹುಚ್ಚು. ಹೋದ ವರ್ಷ 50 ಕಿಲೋಮೀಟರ್ ಓಡಿದಳು, ಈ ಸಲ 80ಕ್ಕೆ ಹೆಸರು ಕೊಟ್ಟಿದ್ದಾಳೆ. ರಜೆಗೆ ಬಂದರೆ ಬೆಳಗಿನ ಜಾವ ಐದಕ್ಕೇ ಹಣೆಗೆ ಟಾರ್ಚು ಕಟ್ಟಿಕೊಂಡು ಒಬ್ಬಳೇ ಗುಡ್ಡ ಹತ್ತುತ್ತಾಳೆ. ಪಕ್ಕದ ತೋಟದಲ್ಲಿ ಕೆಲಸಕ್ಕೆ ಹೊರಟಿದ್ದವರೊಬ್ಬರನ್ನು ಆನೆ ತುಳಿದು ಸಾಯಿಸಿದ್ದು ಇನ್ನೂ ನನ್ನ ಕಣ್ಣಿಗೆ ಕಟ್ಟಿದ ಹಾಗಿದೆ. ಅವಳ ಕಾಲಿನ ಹೆಬ್ಬೆರಳ ಉಗುರು ಕಪ್ಪಾಗಿ ಬಿದ್ದುಹೋಗಿದೆ. ಹೀಗೆ ಓಡಿದರೆ ಗರ್ಭಕೋಶ ಜಾರುತ್ತದೆ, ಮಕ್ಕಳಾಗುವುದಿಲ್ಲ ಅಂತ ನಾದಿನಿ ಹೇಳುತ್ತಾಳೆ. ನಮ್ಮ ಯಜಮಾನರು "ಓಡಲಿ ಬಿಡು" ಅಂತಾರೆ. ಸಿಟ್ಟಿನಲ್ಲಿ ನಾನು "ಓಡುವುದಾದರೆ ಈ ಮನೆಗೆ ಬರಬೇಡ" ಅಂದುಬಿಟ್ಟೆ. ಎರಡು ತಿಂಗಳಾಯಿತು, ಬಂದಿಲ್ಲ. ಶನಿವಾರ, ಭಾನುವಾರ ಎಲ್ಲಿಗೆ ಹೋಗುತ್ತಾಳೋ, ಹೇಳುವುದೂ ಇಲ್ಲ. ಅನ್ನ ಬಿಟ್ಟು ಕಡ್ಡಿಯಾಗಿದ್ದಾಳೆ. ನಾಲ್ಕು ತಿಂಗಳಿಂದ ಮುಟ್ಟಾಗಿಲ್ಲವಂತೆ. ಕೇಳಿದರೆ "ಓಡುವವರಿಗೆ ಇದೆಲ್ಲ ಮಾಮೂಲಿ" ಅಂದಳು. ಈ 80 ಕಿಲೋಮೀಟರ್ ಓಟವನ್ನು ಹೇಗೆ ನಿಲ್ಲಿಸಲಿ?
— ಹೆಸರು ಬೇಡ, ಮೂಡಿಗೆರೆ

ಉತ್ತರ: ನೀವು ಕೇಳಿದ್ದು ಓಟದ ದಿನದ ಬಗ್ಗೆ. ಆದರೆ ನಿಮ್ಮ ಪತ್ರದಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಕೊನೆಯಲ್ಲಿ ನೀವು ಹೇಳಿ ಮುಗಿಸಿದ ಆ ಒಂದು ಮಾತು: ನಾಲ್ಕು ತಿಂಗಳಿಂದ ಮುಟ್ಟಾಗಿಲ್ಲ ಎಂಬುದು. ಮೊದಲು ಅದನ್ನೇ ನೋಡೋಣ.

ಇದು ಮಾಮೂಲಿಯಲ್ಲ. ದೂರದ ಓಟಗಾರ್ತಿಯರಲ್ಲಿ ಹೀಗಾಗುವುದುಂಟು ನಿಜ. ಹಾಗೆಂದು ಅದನ್ನು ಸುಮ್ಮನೆ ಬಿಡುವಂತಿಲ್ಲ. ಓಟಕ್ಕೆ ಖರ್ಚಾಗುವಷ್ಟು ಊಟದಿಂದ ಬಾರದೇ ಹೋದಾಗ ದೇಹ ತನ್ನ ಕೆಲವು ಕೆಲಸಗಳನ್ನು ನಿಲ್ಲಿಸಿ ಉಳಿತಾಯಕ್ಕೆ ಇಳಿಯುತ್ತದೆ. ಹಾಗೆ ನಿಲ್ಲುವ ಕೆಲಸಗಳಲ್ಲಿ ಋತುಚಕ್ರವೂ ಒಂದು. ಈಸ್ಟ್ರೋಜೆನ್ ಕಡಿಮೆಯಾದಂತೆ ಮೂಳೆಯ ಬಲ ಕುಗ್ಗುತ್ತದೆ. ಆಮೇಲೆ ಪಾದದಲ್ಲೋ ಮೊಣಕಾಲಿನ ಕೆಳಗೋ ಮೂಳೆಗೆ ಕೂದಲೆಳೆಯಷ್ಟು ಬಿರುಕು ಬಿಡುತ್ತದೆ. ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯ ತಜ್ಞರು 2014ರಲ್ಲಿ ಈ ಸ್ಥಿತಿಗೆ "ರೆಡ್-ಎಸ್" ಎಂದು ಹೆಸರಿಟ್ಟರು. ಗಂಡಸರಿಗೂ ಇದು ತಪ್ಪಿದ್ದಲ್ಲ ಎಂದೂ ಹೇಳಿದರು. ಮೂರು ತಿಂಗಳು ಮುಟ್ಟು ನಿಂತರೆ ವೈದ್ಯರಿಗೆ ತೋರಿಸಲೇಬೇಕು. ಥೈರಾಯ್ಡ್, ಪಿಸಿಒಡಿ, ಇನ್ನೂ ಬೇರೆ ಕಾರಣಗಳಿರಬಹುದು. ಪರೀಕ್ಷೆ ಮಾಡಿಸದೆ ಯಾರೂ ಹೇಳಲಾರರು. ಊಟ ಕಡಿಮೆಯಾಗಿದ್ದೇ ಕಾರಣವಾದರೆ, ಚೆನ್ನಾಗಿ ಉಂಡು, ಕೆಲವು ಕಾಲ ಓಟ ತಗ್ಗಿಸಿದರೆ ಸಾಮಾನ್ಯವಾಗಿ ಋತುಚಕ್ರ ಮರಳುತ್ತದೆ.

ನಿಮ್ಮ ನಾದಿನಿಯವರ ಮಾತಿಗೆ ಆಧಾರವಿಲ್ಲ. ಇಂಥ ಮಾತುಗಳಿಂದಲೇ ಹೆಂಗಸರನ್ನು ಬಹುಕಾಲ ದೂರದ ಓಟದಿಂದ ಹೊರಗಿಟ್ಟರು; ಒಲಿಂಪಿಕ್ಸ್‌ನಲ್ಲಿ ಮಹಿಳೆಯರ ಮ್ಯಾರಥಾನ್ ಶುರುವಾಗಿದ್ದೇ 1984ರಲ್ಲಿ. ಬ್ರಿಟನ್ನಿನ ಜಾಸ್ಮಿನ್ ಪ್ಯಾರಿಸ್ 2019ರ ಜನವರಿಯ ಚಳಿಯಲ್ಲಿ ಸುಮಾರು 430 ಕಿಲೋಮೀಟರ್ ಉದ್ದದ ಸ್ಪೈನ್ ರೇಸನ್ನು 83 ಗಂಟೆ 12 ನಿಮಿಷಗಳಲ್ಲಿ ಮುಗಿಸಿ, ಗಂಡಸರನ್ನೆಲ್ಲ ಹಿಂದಿಕ್ಕಿ ಗೆದ್ದರು. ಮನೆಯಲ್ಲಿ ಹಾಲು ಕುಡಿಯುವ ಕೂಸಿತ್ತು. ದಾರಿಯ ತಂಗುದಾಣಗಳಲ್ಲಿ ಎದೆಹಾಲು ತೆಗೆದಿಡುತ್ತಾ ಓಡಿದ ತಾಯಿ ಆಕೆ. ಓಟ ತಾಯ್ತನಕ್ಕೆ ಶತ್ರುವಲ್ಲ, ಅರೆಹೊಟ್ಟೆಯ ಓಟ ಶತ್ರು. ಇನ್ನು ಉಗುರಿನ ಚಿಂತೆ ಬಿಡಿ. ಇಳಿಜಾರಿನಲ್ಲಿ ಬೆರಳು ಶೂ ತುದಿಗೆ ಬಡಿದು ಹಾಗಾಗುತ್ತದೆ. ಮುಂದೆ ಸ್ವಲ್ಪ ಜಾಗವಿರುವ ಶೂ ಕೊಂಡರೆ ಸಾಕು, ಉಗುರು ಮತ್ತೆ ಬರುತ್ತದೆ.

ಎರಡನೆಯದು ಆನೆ. ಈ ವಿಷಯದಲ್ಲಿ ನಿಮ್ಮ ಭಯ ನೂರಕ್ಕೆ ನೂರು ನ್ಯಾಯವಾದದ್ದು. ರಾತ್ರಿ ಗದ್ದೆ, ತೋಟಗಳಲ್ಲಿ ಮೇಯ್ದ ಆನೆಗಳು ದಟ್ಟ ನೆರಳಿಗೆ ಸರಿಯುವುದೇ ಬೆಳಕು ಹರಿಯುವ ಹೊತ್ತಿಗೆ. ನಿಮ್ಮ ಮಗಳು ಮನೆ ಬಿಡುವುದೂ ಅದೇ ಹೊತ್ತಿಗೆ. ಮಂಜು ಕವಿದಿದ್ದರೆ ಟಾರ್ಚಿನ ಬೆಳಕು ಮಂಜಿಗೇ ಬಡಿದು ಕಣ್ಣಿಗೆ ಮರಳುತ್ತದೆ, ಮುಂದಿನ ತಿರುವು ಕಾಣುವುದಿಲ್ಲ. ನಡೆದು ಹೋಗುವವರ ಸದ್ದು ಕೇಳಿ ಆನೆ ಸರಿಯಲು ಸಮಯವಿರುತ್ತದೆ. ಓಡುವವರು ತಿರುವಿನಲ್ಲಿ ಹಠಾತ್ತನೆ ಅದರ ಎದುರಿಗೇ ಬಂದು ನಿಲ್ಲುತ್ತಾರೆ. ಕಿವಿಯಲ್ಲಿ ಹಾಡು ಬೇರೆ ಇದ್ದರೆ, ಕೊಂಬೆ ಮುರಿಯುವ ಸದ್ದೂ ಕೇಳದು.

ಇದನ್ನೆಲ್ಲ ನಾನು ನಿಮಗೆ ಹೇಳಬೇಕಾಗಿಲ್ಲ. ಬೈನೆ ಮರ ಸೀಳಿ ಬಿದ್ದಿದ್ದರೆ, ಹಲಸಿನ ತೊಳೆ ದಾರಿಯಲ್ಲಿ ಚೆಲ್ಲಿದ್ದರೆ, ಲದ್ದಿಯಿಂದ ಇನ್ನೂ ಹಬೆ ಏಳುತ್ತಿದ್ದರೆ ಏನರ್ಥ ಎಂದು ನಿಮಗೆ ಗೊತ್ತು. ನಿನ್ನೆ ರಾತ್ರಿ ಯಾರ ತೋಟಕ್ಕೆ ನುಗ್ಗಿದ್ದವು ಎಂಬ ಸುದ್ದಿ ಬೆಳಿಗ್ಗೆ ಹಾಲು ಕೊಡಲು ಹೋದಲ್ಲೇ ನಿಮಗೆ ಸಿಗುತ್ತದೆ. ನಿಮ್ಮ ಮಗಳಿಗೆ ಓಟದ ಲೆಕ್ಕಾಚಾರ ಗೊತ್ತು. ಆ ಗುಡ್ಡದ ಲೆಕ್ಕಾಚಾರ ನಿಮಗೆ ಗೊತ್ತು. ಈವರೆಗೆ ನೀವು ಅದನ್ನು ಅವಳಿಗೆ ಭಯವಾಗಿ ಕೊಟ್ಟಿದ್ದೀರಿ. ಇನ್ನು ತಿಳಿವಳಿಕೆಯಾಗಿ ಕೊಡಿ.

ಅಂದರೆ ಮನೆಗೆ ಕರೆಯಿರಿ, ಜೊತೆಗೆ ಷರತ್ತನ್ನೂ ಇಡಿ. ಚೆನ್ನಾಗಿ ಬೆಳಕಾಗಿ, ಮಂಜು ಕರಗಿದ ಮೇಲೆಯೇ ತೋಟದ ಗೇಟು ದಾಟಬೇಕು. ಆನೆ ಕಾರ್ಯಪಡೆಯಿಂದಲೋ ಅಕ್ಕಪಕ್ಕದವರಿಂದಲೋ ಸುದ್ದಿ ಬಂದ ದಿನ ಗುಡ್ಡದ ಕಡೆ ಓಟವಿಲ್ಲ, ಟಾರು ರಸ್ತೆಯಲ್ಲೇ ಏರಿಳಿದು ಅಭ್ಯಾಸ. ಕಿವಿಯಲ್ಲಿ ಏನೂ ಇರಬಾರದು. ಜೊತೆಗೆ ಇನ್ನೊಬ್ಬರಿದ್ದರೆ ಒಳ್ಳೆಯದು. ನಮ್ಮ ಗುಡ್ಡಗಳಲ್ಲಿ ನೆಟ್‌ವರ್ಕ್ ನಂಬುವಂತಿಲ್ಲ, ಹಾಗಾಗಿ ಯಾವ ದಾರಿ, ಎಷ್ಟು ಹೊತ್ತಿಗೆ ವಾಪಸು ಎಂದು ಚೀಟಿಯಲ್ಲಿ ಬರೆದಿಟ್ಟು ಹೋಗಬೇಕು. ಆ ಹೊತ್ತು ಮೀರಿದರೆ ಯಾರಿಗೆ ಫೋನು ಮಾಡಬೇಕು ಎಂಬುದೂ ಮೊದಲೇ ತೀರ್ಮಾನವಾಗಿರಲಿ. ಅಭಯಾರಣ್ಯ, ರಾಷ್ಟ್ರೀಯ ಉದ್ಯಾನದೊಳಗೆ ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಕಾಲಿಡುವಂತಿಲ್ಲ. ಇದರಲ್ಲಿ ರಿಯಾಯಿತಿ ಬೇಡ.

ಈಗ ನೀವು ನಿಲ್ಲಿಸಬೇಕೆಂದಿರುವ ಓಟದ ದಿನಕ್ಕೆ ಬರುತ್ತೇನೆ. ಸರಿಯಾಗಿ ನಡೆಸುವ ಓಟದಲ್ಲಿ ಅವಳು ಒಬ್ಬಳೇ ಇರುವುದಿಲ್ಲ. ದಾರಿಯುದ್ದಕ್ಕೂ ರಿಬ್ಬನ್ ಕಟ್ಟಿರುತ್ತಾರೆ. ಚೆಕ್‌ಪಾಯಿಂಟುಗಳಲ್ಲಿ ಪ್ರತಿಯೊಬ್ಬರ ನಂಬರು ಬರೆದುಕೊಳ್ಳುತ್ತಾರೆ, ನೀರು, ಊಟ, ವೈದ್ಯಕೀಯ ನೆರವು ಇರುತ್ತದೆ. ಗೊತ್ತುಪಡಿಸಿದ ಸಮಯ ಮೀರಿದವರನ್ನು ಮುಂದಕ್ಕೆ ಬಿಡುವುದಿಲ್ಲ. ಯಾರೂ ದಾರಿಯಲ್ಲಿ ಉಳಿಯದಂತೆ ನೋಡಿಕೊಳ್ಳುವ ಸ್ವೀಪರ್‌ಗಳು ಎಲ್ಲರ ಹಿಂದೆ ಬರುತ್ತಾರೆ. ಐದು ಗಂಟೆಯ ಕತ್ತಲಲ್ಲಿ ಒಂಟಿಯಾಗಿ ಗುಡ್ಡ ಹತ್ತುವುದಕ್ಕಿಂತ ಇದು ಎಷ್ಟೋ ಮೇಲು.

ಹಾಗೆಂದು ಅಪಾಯವೇ ಇಲ್ಲ ಎನ್ನಲಾರೆ. 2021ರ ಮೇ ತಿಂಗಳಲ್ಲಿ ಚೀನಾದ ಗಾನ್ಸು ಪ್ರಾಂತ್ಯದ ಗುಡ್ಡಗಳಲ್ಲಿ ನಡೆದ 100 ಕಿಲೋಮೀಟರ್ ಓಟದ ನಡುವೆ ಹಠಾತ್ತನೆ ಮಳೆ, ಆಲಿಕಲ್ಲು, ಬಿರುಗಾಳಿ ಬಂದು 21 ಓಟಗಾರರು ಸತ್ತರು. ಹಲವರ ಮೈಮೇಲಿದ್ದದ್ದು ತೆಳು ಬಟ್ಟೆ. ಗಾಳಿ ತಡೆಯುವ ಜಾಕೆಟ್ ಅಲ್ಲಿ ಕಡ್ಡಾಯವಿರಲಿಲ್ಲ. ಆದ್ದರಿಂದ ಮಗಳನ್ನು ಇಷ್ಟು ಕೇಳಿ: ಚೀಲದಲ್ಲಿ ಮಳೆ, ಗಾಳಿ ತಡೆಯುವ ಜಾಕೆಟ್ ಇದೆಯೇ? ಸೀಟಿ, ಎರಡನೇ ಟಾರ್ಚು? ಹವಾಮಾನ ಕೆಟ್ಟರೆ ಓಟ ನಿಲ್ಲಿಸುವ ಏರ್ಪಾಡು ಆಯೋಜಕರಲ್ಲಿ ಇದೆಯೇ? ನೋವಿನ ಮಾತ್ರೆ ನುಂಗಿ ಓಡಬಾರದು, ಬಳಲಿದ ದೇಹದಲ್ಲಿ ಅದು ಕಿಡ್ನಿಗೆ ಪೆಟ್ಟು ಕೊಡಬಹುದು. ನೀವೂ "ನೀರು ಕುಡಿ, ನೀರು ಕುಡಿ" ಎಂದು ಒತ್ತಾಯಿಸಬೇಡಿ. ಬಾಯಾರಿಕೆ ಮೀರಿ ಕುಡಿದರೆ ರಕ್ತದಲ್ಲಿ ಸೋಡಿಯಂ ಇಳಿದು ಪ್ರಾಣಕ್ಕೇ ಸಂಚಕಾರ ಬಂದದ್ದಿದೆ. ನೀವು ಕೊಡುವುದಾದರೆ ಉಪ್ಪು ಹಚ್ಚಿದ ಬೇಯಿಸಿದ ಆಲೂಗಡ್ಡೆ, ಚಿಕ್ಕಿ, ಬೆಲ್ಲದುಂಡೆ ಕಟ್ಟಿಕೊಡಿ. ಗುಡ್ಡ ಹತ್ತುವ ಕಾಲಿಗೆ ಬೇಕಾದದ್ದು ಅದೇ.

"ಈ ಮನೆಗೆ ಬರಬೇಡ" ಎಂಬ ಮಾತನ್ನು ದಯವಿಟ್ಟು ಇವತ್ತೇ ಹಿಂತೆಗೆದುಕೊಳ್ಳಿ. ಆ ಮಾತಿನಿಂದ ಓಟ ನಿಲ್ಲಲಿಲ್ಲ, ಎಲ್ಲಿಗೆ ಹೋಗುತ್ತೇನೆ ಎಂದು ಹೇಳುವುದು ನಿಂತಿತು. ಗುಡ್ಡದಲ್ಲಿ ಕಾಲು ಉಳುಕಿ ಬಿದ್ದವರಿಗೆ, ತಾವು ಎಲ್ಲಿದ್ದೇವೆಂದು ಮನೆಯವರಿಗೆ ಗೊತ್ತಿಲ್ಲದಿರುವುದಕ್ಕಿಂತ ದೊಡ್ಡ ಕಷ್ಟವಿಲ್ಲ. ಫೋನಿನಲ್ಲಿ ವಾದ ಬೇಡ. "ಆವತ್ತು ಭಯಕ್ಕೆ ಹಾಗಂದೆ ಮಗಾ, ಮನೆಗೆ ಬಾ. ಡಾಕ್ಟರ ಹತ್ತಿರ ಹೋಗೋಣ. ಓಟದ ಮಾತು ಆಮೇಲೆ ಕೂತು ಆಡೋಣ" ಎನ್ನಿ. 80 ಕಿಲೋಮೀಟರ್ ಈ ವರ್ಷವೇ ಓಡಬೇಕೇ, ಮುಂದಿನ ವರ್ಷಕ್ಕೆ ಬಿಡಬೇಕೇ ಎಂಬುದನ್ನು ನೀವೂ ತೀರ್ಮಾನಿಸಬೇಡಿ, ಅವಳೂ ಈಗಲೇ ತೀರ್ಮಾನಿಸುವುದು ಬೇಡ. ವೈದ್ಯರು ಏನು ಹೇಳುತ್ತಾರೋ ಅದರ ಮೇಲೆ ಆಗಲಿ. ಓಡಬಾರದು ಎಂದರೆ ಇಬ್ಬರೂ ಒಪ್ಪಿಕೊಳ್ಳಿ. ಓಡಬಹುದು ಎಂದರೂ ಇಬ್ಬರೂ ಒಪ್ಪಿಕೊಳ್ಳಿ.

ಸ್ತ್ರೀರೋಗ ತಜ್ಞರ ಬಳಿಗೆ ನೀವೂ ಜೊತೆಯಲ್ಲಿ ಹೋಗಿ, ಆದರೆ ಕೋಣೆಯೊಳಗೆ ಅವಳೊಬ್ಬಳನ್ನೇ ಕಳಿಸಿ. ವೈದ್ಯರು ಕೇಳುವ ಕೆಲವು ಪ್ರಶ್ನೆಗಳಿಗೆ ಅಮ್ಮನ ಎದುರಿಗೆ ಉತ್ತರ ಬರುವುದಿಲ್ಲ, ಮತ್ತು ಈಗ ಅವಳಿಗೆ ಬೇಕಾದದ್ದು ಪೂರ್ತಿ ನಿಜ ಹೇಳಬಲ್ಲ ಒಂದು ಜಾಗ. ಹೊರಗೆ ಬಂದ ಮೇಲೆ ಅವಳು ಎಷ್ಟು ಹೇಳುತ್ತಾಳೋ ಅಷ್ಟು ಕೇಳಿಸಿಕೊಳ್ಳಿ. ಉಳಿದದ್ದನ್ನು ಮುಂದೆ ಅವಳಾಗಿಯೇ ಹೇಳುತ್ತಾಳೆ.