ಮಾಂಟ್ರಿಯಲ್ ನಗರ ಸಂದರ್ಶನ

ವಿದ್ಯಾರ್ಥಿಗಳೇ, ಭೂಪಟದಲ್ಲಿ ಉತ್ತರ ಅಮೆರಿಕ ಖಂಡವನ್ನು ನೋಡಿರಿ. ಕೆನಡಾ ದೇಶದ ಪೂರ್ವಭಾಗದಲ್ಲಿ ಸೇಂಟ್ ಲಾರೆನ್ಸ್ ಎಂಬ ಮಹಾನದಿಯು ಅಟ್ಲಾಂಟಿಕ್ ಸಾಗರದತ್ತ ಹರಿಯುತ್ತದೆ. ಆ ನದಿಯ ನಡುವಣ ದ್ವೀಪವೊಂದರಲ್ಲಿ ನೆಲೆಸಿರುವುದೇ ಮಾಂಟ್ರಿಯಲ್ ನಗರ.

1535ರಲ್ಲಿ ಜಾಕ್ ಕಾರ್ಟಿಯೆ ಎಂಬ ಫ್ರೆಂಚ್ ನಾವಿಕನು ಇಲ್ಲಿಗೆ ಬಂದಾಗ ಹೊಚೆಲಗ ಎಂಬ ಮೂಲನಿವಾಸಿಗಳ ಊರಿತ್ತು. ಅದರ ಬಳಿಯ ಗುಡ್ಡಕ್ಕೆ ಆತನು ‘ರಾಜಗಿರಿ’ ಎಂಬ ಅರ್ಥದ ಹೆಸರಿಟ್ಟನು. 1642ರಲ್ಲಿ ಫ್ರೆಂಚರು ನೆಲೆಯೂರಿದರು. ಅವರೊಡನೆ ಬಂದ ಜಾನ್ ಮಾನ್ಸ್ ಎಂಬ ಮಹಿಳೆ ಆಸ್ಪತ್ರೆಯನ್ನು ಸ್ಥಾಪಿಸಿದಳು. 1658ರಲ್ಲಿ ಮಾರ್ಗರೀತ್ ಬೂರ್ಜ್ವಾ ಎಂಬಾಕೆಯು ಕಲ್ಲಿನ ಕೊಟ್ಟಿಗೆಯೊಂದರಲ್ಲಿ ಮೊದಲ ಶಾಲೆಯನ್ನು ತೆರೆದಳು. ದೊಡ್ಡ ಕಾರ್ಯಗಳ ಆರಂಭಕ್ಕೆ ದೊಡ್ಡ ಕಟ್ಟಡವೇ ಬೇಕೆಂಬ ನಿಯಮವಿಲ್ಲ.

ಪ್ರವಾಸಿಗನು ಮೊದಲು ಹಳೆಯ ಪೇಟೆಯ ಕಲ್ಲುಹಾಸಿನ ಬೀದಿಗಳಲ್ಲಿ ನಡೆಯುತ್ತಾನೆ. ಅಲ್ಲಿ 1829ರಲ್ಲಿ ತೆರೆದ ನೋತ್ರ್ ದಾಮ್ ದೇವಾಲಯವಿದೆ. ಅದರ ನೀಲವರ್ಣದ ಛಾವಣಿಯಲ್ಲಿ ಚಿನ್ನದ ನಕ್ಷತ್ರಗಳು ಹೊಳೆಯುತ್ತವೆ. 1966ರಲ್ಲಿ ಆರಂಭವಾದ ಸುರಂಗ ರೈಲು ರಬ್ಬರಿನ ಗಾಲಿಗಳ ಮೇಲೆ ಓಡುತ್ತದೆ. ಚಳಿಗಾಲದಲ್ಲಿ ಹಿಮವು ಬೀದಿಗಳನ್ನು ಮುಚ್ಚುವುದರಿಂದ, ಜನರು ನೆಲದಡಿಯ ಮಾರ್ಗಗಳಲ್ಲಿಯೇ ಅಂಗಡಿ ಕಚೇರಿಗಳಿಗೆ ಹೋಗಬಲ್ಲರು. ಇಟಲಿಯವರು, ಯೆಹೂದ್ಯರು, ಚೀನೀಯರು, ಭಾರತೀಯರು ಮುಂತಾಗಿ ನಾನಾ ದೇಶದವರು ಇಲ್ಲಿ ಬಾಳುತ್ತಾರೆ. ಆದರೆ ಅಂಗಡಿಗೆ ಕಾಲಿಟ್ಟೊಡನೆ ಕಿವಿಗೆ ಬೀಳುವ ಮೊದಲ ಮಾತು ಸಾಮಾನ್ಯವಾಗಿ ‘ಬೊಂಜೂರ್’, ಅಂದರೆ ಫ್ರೆಂಚ್ ಭಾಷೆಯ ನಮಸ್ಕಾರ.

ಈ ನುಡಿಯು ಉಳಿದುದು ಹೇಗೆ? 1760ರಲ್ಲಿ ನಗರವು ಬ್ರಿಟಿಷರ ವಶವಾಯಿತು. ಕ್ರಮೇಣ ವ್ಯಾಪಾರವೂ ದೊಡ್ಡ ಉದ್ಯೋಗಗಳೂ ಬಹುಮಟ್ಟಿಗೆ ಇಂಗ್ಲಿಷ್ ಬಲ್ಲವರ ಪಾಲಾದವು. ಹೊರಗಿನಿಂದ ಬಂದವರಲ್ಲಿ ಅನೇಕರು ಮಕ್ಕಳನ್ನು ಇಂಗ್ಲಿಷ್ ಶಾಲೆಗೇ ಕಳುಹಿಸತೊಡಗಿದರು. ಆಗ, 1977ರಲ್ಲಿ, ಕ್ವಿಬೆಕ್ ಪ್ರಾಂತ್ಯವು ಫ್ರೆಂಚ್ ಭಾಷೆಯ ಸನದನ್ನು ಅಂಗೀಕರಿಸಿತು. ನಾಮಫಲಕಗಳಲ್ಲಿ, ಕಚೇರಿಗಳಲ್ಲಿ, ವಲಸಿಗರ ಮಕ್ಕಳ ಶಾಲೆಗಳಲ್ಲಿ ಫ್ರೆಂಚಿಗೆ ಸ್ಥಾನ ದೊರೆಯಿತು. ಇಂಗ್ಲಿಷ್ ಮನೆಮಾತಿನವರು ಇದನ್ನು ತೀವ್ರವಾಗಿ ಆಕ್ಷೇಪಿಸಿದರು. ಕೆಲವರು ಊರನ್ನೇ ಬಿಟ್ಟರು. 1993ರಲ್ಲಿ ನಿಯಮವು ಸಡಿಲವಾಗಿ, ಫ್ರೆಂಚ್ ಪ್ರಧಾನವಾಗಿದ್ದರೆ ಫಲಕದಲ್ಲಿ ಬೇರೆ ಭಾಷೆಯೂ ಇರಬಹುದೆಂದಾಯಿತು. 1821ರಲ್ಲಿ ಸ್ಥಾಪಿತವಾದ ಮೆಕ್‌ಗಿಲ್ ವಿಶ್ವವಿದ್ಯಾಲಯವು ಇಂದಿಗೂ ಇಂಗ್ಲಿಷಿನಲ್ಲಿಯೇ ಬೋಧಿಸುತ್ತಿದೆ.

ಗಡಿನಾಡಿನ ಕನ್ನಡಿಗರಾದ ನಾವು ಇದರಿಂದ ಅರಿಯಬೇಕಾದುದೇನು? ಅಲ್ಲಿ ಫ್ರೆಂಚ್ ಮಾತಾಡುವವರು ತಮ್ಮ ಪ್ರಾಂತ್ಯದಲ್ಲಿ ಬಹುಸಂಖ್ಯಾತರು, ಶಾಸನವನ್ನು ಮಾಡಬಲ್ಲರು. ನಮಗೆ ಆ ಬಲವಿಲ್ಲ. ನಮ್ಮ ಕೈಯಲ್ಲಿರುವುದು ಮನೆ ಮತ್ತು ಶಾಲೆ. ಶಾಸನವು ಫಲಕದ ಮೇಲಿನ ಅಕ್ಷರವನ್ನು ಕಾಯಬಹುದು. ನಾಲಗೆಯ ಮೇಲಿನ ನುಡಿಯನ್ನು ಕಾಯಬೇಕಾದವರು ತಾಯಿತಂದೆಗಳು. ಆದುದರಿಂದ ಪೋಷಕರು ಶಾಲೆಗೆ ಮಕ್ಕಳನ್ನು ಕಳುಹಿಸಿದರಷ್ಟೇ ಸಾಲದು. ಸಂಜೆ ಅವರೊಡನೆ ಕನ್ನಡದಲ್ಲಿ ಓದಿ ಮಾತನಾಡಬೇಕು. ವಿದ್ಯಾರ್ಥಿಗಳೇ, ನೀವಿರುವ ರಾಜ್ಯದ ಭಾಷೆಯನ್ನೂ ಆದರದಿಂದ ಕಲಿಯಿರಿ. ನೆರೆಯವರ ನುಡಿಯನ್ನು ಕಲಿತವನ ತಾಯ್ನುಡಿ ಸೊರಗುವುದಿಲ್ಲ, ಮನೆಯಲ್ಲಿ ಆಡದವನ ತಾಯ್ನುಡಿ ಸೊರಗುತ್ತದೆ.